ಬೀಗರ ಮುನಿಸು ಮತ್ತು ಭೀಮಾ ತೀರದ ರಾಣೀವಾಸ

ವೇಷಭೂಷಣ ಧಾರಾವಾಹಿ, ಅಂದರೆ ಕಥೆಗಿಂತ ಜರತಾರಿಗೇ ಹೆಚ್ಚು ಖರ್ಚು ಮಾಡುವ ಐತಿಹಾಸಿಕ ಧಾರಾವಾಹಿ, ಪರದೇಶದಿಂದ ಬಂದ ಎಳೆಯ ರಾಣಿಯಿಲ್ಲದೆ ಸಾಗುವುದು ಅಪರೂಪ. 1770ರಲ್ಲಿ 14ರ ಹರೆಯದ ಆಸ್ಟ್ರಿಯಾದ ಮರೀ ಆಂತ್ವಾನೆತ್ ಫ್ರಾನ್ಸಿನ ಸೊಸೆಯಾದ ಪ್ರಸಂಗವನ್ನು ತೆರೆಯ ಕಥನಕಾರರು ಸಾಕಷ್ಟು ಹಿಂಡಿದ್ದಾರೆ. ಆಳಂದ, ಅಫಜಲಪುರ, ಜೇವರ್ಗಿಗಳ ಪ್ರೇಕ್ಷಕರು ಅದಕ್ಕಾಗಿ ಪ್ಯಾರಿಸ್ಸಿನವರೆಗೆ ಹೋಗಬೇಕಾಗಿಲ್ಲ. ಇತಿಹಾಸಕಾರ ಫೆರಿಷ್ತಾ ಹೇಳುವಂತೆ, 1406ರ ಯುದ್ಧದಲ್ಲಿ ಸೋತ ವಿಜಯನಗರದ ಒಂದನೆಯ ದೇವರಾಯನು ಮಗಳನ್ನು ಕಲಬುರಗಿಯ ಬಹಮನಿ ಸುಲ್ತಾನ ಫಿರೋಜ್ ಷಾನಿಗೆ ಕೊಟ್ಟು, ಬಂಕಾಪುರದ ಕೋಟೆಯನ್ನು ಬಳುವಳಿಯಾಗಿ, ಅಂದರೆ ಮಗಳೊಡನೆ ಸಾಗುವ ತವರಿನ ಸ್ವತ್ತಾಗಿ, ಬಿಟ್ಟುಕೊಟ್ಟನು; ಆದರೆ ಬೀಳ್ಕೊಡುವಾಗ ಮಾವನು ಬಿಡಾರದವರೆಗೆ ಬಾರದೆ ನಡುದಾರಿಯಲ್ಲೇ ಹಿಂದಿರುಗಿದನೆಂದು ಅಳಿಯನು ಮುನಿದನು. ಕೋಟೆಯೇ ಕೈಸೇರಿದರೂ ಮರ್ಯಾದೆ ಸಾಲದೆನ್ನುವ ಈ ಬೀಗತನದ ಮುನಿಸೊಂದನ್ನೇ (ಮದುವೆಮನೆ ಕಂಡವರಿಗೆ ಇದರ ವಿವರಣೆ ಬೇಡ) ಜಾಣ ನಿರ್ದೇಶಕನು ಹಲವು ಕಂತುಗಳವರೆಗೆ ಎಳೆಯಬಲ್ಲನು. ಜನಾನಾದಲ್ಲಿ, ಅಂದರೆ ರಾಣೀವಾಸದಲ್ಲಿ, ನಾನಾ ದೇಶಗಳ ಸ್ತ್ರೀಯರಿದ್ದು, ಸುಲ್ತಾನನು ಪ್ರತಿಯೊಬ್ಬಳೊಡನೆಯೂ ಅವಳದೇ ಭಾಷೆಯಲ್ಲಿ ಮಾತನಾಡುತ್ತಿದ್ದನೆಂದು ಅದೇ ಫೆರಿಷ್ತಾ ಬರೆದಿರುವುದರಿಂದ, ಡಬ್ಬಿಂಗಿನ ಜಗಳಕ್ಕೂ ಅವಕಾಶವಿಲ್ಲ. ಇನ್ನು ಸೆಟ್ಟಿನ ಮಾತು: ಕಲಬುರಗಿ–ಜೇವರ್ಗಿ ದಾರಿಯ ಬದಿಗೆ, ಭೀಮಾ ನದಿಯ ದಂಡೆಯಲ್ಲಿ, ಆ ಸುಲ್ತಾನನು ಕಟ್ಟಿಸಿದ ಫಿರೋಜಾಬಾದಿನ ಕೋಟೆಗೋಡೆಗಳು ಪಾಳುಬಿದ್ದರೂ ಇಂದಿಗೂ ನಿಂತಿವೆ.