ಒಂದೂವರೆ ಇಂಚಿನ ಗುಟ್ಟು

ಶಿಡ್ಲಘಟ್ಟದ ನಮ್ಮ ಭಾವ ತಲೆಗೆ ಬಣ್ಣ ಹಚ್ಚುತ್ತಾರೆ. ಆದರೆ ಕಿವಿಯ ಮೇಲೆ ನಾಲ್ಕು ಬಿಳಿ ಕೂದಲನ್ನು ಬೇಕೆಂದೇ ಬಿಟ್ಟಿರುತ್ತಾರೆ. "ಪೂರ್ತಿ ಕಪ್ಪಾದ್ರೆ ಜನಕ್ಕೆ ಗೊತ್ತಾಗ್ಬಿಡುತ್ತೆ ಕಣಪ್ಪ" ಅನ್ನುವುದು ಅವರ ಸಮಜಾಯಿಷಿ. ಈ ಜಾಣತನವನ್ನು ಹೋದ ವರ್ಷ ಜೀಪಿನ ಚಕ್ರಕ್ಕೂ ತಂದರು.

ಜೀಪು ಅವರಪ್ಪನ ಕಾಲದ್ದು, ಮಹೀಂದ್ರ ಸಿಜೆ-3ಬಿ. ಹಣೆ ಎತ್ತರದ ಗಾಡಿ. 1953ರಲ್ಲಿ ಅಮೆರಿಕದ ವಿಲ್ಲೀಸ್ ಕಂಪನಿಯವರ ಹೊಸ ಇಂಜಿನ್ನು ಹಳೇ ಬಾನೆಟ್ಟಿನೊಳಗೆ ಹಿಡಿಸಲಿಲ್ಲವಂತೆ, ಬಾನೆಟ್ಟನ್ನೇ ಎತ್ತರಿಸಿಬಿಟ್ಟರು. ಮಗ ಉದ್ದ ಬೆಳೆದ ಅಂತ ಬಾಗಿಲ ಚೌಕಟ್ಟು ಎತ್ತಿಸಿದ ಹಾಗೆ. ಆ ಮಾದರಿಯೇ ಮಹೀಂದ್ರದ ಮೂಲಕ ನಮ್ಮೂರಿಗೂ ಬಂತು. ಎಷ್ಟು ಬೆಳೆಯ ರೇಷ್ಮೆಗೂಡನ್ನು ಇದು ಶಿಡ್ಲಘಟ್ಟದ ಮಾರುಕಟ್ಟೆಗೆ ಹೊತ್ತಿದೆಯೋ, ಲೆಕ್ಕವಿಲ್ಲ. ಚಕ್ರ ಮಾತ್ರ ಸಣಕಲು: 16 ಇಂಚಿನ ಡಿಸ್ಕು, ಅಗಲ ನಾಲ್ಕೂವರೆ ಇಂಚು, ಮೇಲೆ 6.00-16 ಟೈರು. ದಪ್ಪ ಮೈಯವರು ಹವಾಯಿ ಚಪ್ಪಲಿ ಹಾಕಿಕೊಂಡಂತೆ ಕಾಣುತ್ತದೆ.

ಭಾನುವಾರ ಆದಿಯೋಗಿ ನೋಡಲು ಚಿಕ್ಕಬಳ್ಳಾಪುರದ ಕಡೆ ಬರುವ ಬೆಂಗಳೂರಿನ ಹುಡುಗರ ಥಾರ್‌ಗಳನ್ನು ಕಂಡ ಮೇಲೆ ಭಾವನಿಗೆ ನಿದ್ದೆ ಕೆಟ್ಟಿತು. 112 ಅಡಿಯ ಶಿವನ ಮುಂದೆ ನಿಂತು ಇವರು ಬೇಡಿದ್ದು ಒಂದೂವರೆ ಇಂಚು. "ಆರಿಂಚು ಅಗಲ ಆಗ್ಬೇಕು. ಆದ್ರೆ ಆಗಿದೆ ಅಂತ ಕಾಣ್ಬಾರ್ದು."

ಚಿಕ್ಕಬಳ್ಳಾಪುರದ ಟೈರ್ ಅಂಗಡಿಯ ಹುಡುಗ ಮಿರಮಿರ ಮಿಂಚುವ ಅಲಾಯ್ ತೋರಿಸಿದ. ಭಾವ ಕೆಂಡವಾದರು. "ನಮ್ಮಪ್ಪನ ಗಾಡಿಗೆ ಕಾಲ್ಗೆಜ್ಜೆ ಕಟ್ತೀಯೇನೋ?" ಹುಡುಗ ತಣ್ಣಗೆ ಇನ್ನೊಂದು ದಾರಿ ಹೇಳಿದ. 15 ಇಂಚಿನ ಕಬ್ಬಿಣದ ಡಿಸ್ಕಿಗೆ 235/75 ಟೈರು ಹಾಕಿದರೆ ಒಟ್ಟು ಎತ್ತರ 733 ಮಿಲಿಮೀಟರು, ಹಳೇ ಟೈರಿನಷ್ಟೇ ಹೆಚ್ಚುಕಡಿಮೆ. ಅದೇ 215/75 ಹಾಕಿದರೆ 703ಕ್ಕೆ ಇಳಿಯುತ್ತದೆ, ಆಗ ಮೀಟರು 50 ಅಂದರೂ ಗಾಡಿ ಓಡುವುದು 48. ಭಾವನ ಜೀಪಿನ ಮೀಟರು ನಿಂತು ಎಷ್ಟೋ ಯುಗಾದಿ ಕಳೆದಿದೆ, ಅದರಿಂದ ಆ ತಾಪತ್ರಯ ಇರಲಿಲ್ಲ. ತಾಪತ್ರಯ ಇದ್ದದ್ದು ನೋಟದ್ದು. ಕಬ್ಬಿಣ ಒಂದಿಂಚು ಕುಗ್ಗಿ ರಬ್ಬರು ಹಿಗ್ಗಿದರೆ ಹಲ್ಲುನೋವಿಗೆ ಕೆನ್ನೆ ಊದಿದ ಹಾಗಿರುತ್ತದೆ. ಅದೂ ಬೇಡವಾಯಿತು. ಹದಿನಾರೇ ಇರಲಿ, 225/75 ಟೈರು ಬರಲಿ ಅಂತ ಇತ್ಯರ್ಥವಾಯಿತು. 744 ಮಿಲಿಮೀಟರು, ಕೂದಲೆಳೆ ಎತ್ತರ, ನೋಡಿದವರಿಗೆ ತಿಳಿಯದು.

ಇನ್ನು ಗುಜರಿ ಸುತ್ತಾಟ. ಸಾಕ್ಷಿಗೆ ನಾನು. ಅಲ್ಲಿ ತಿಳಿದದ್ದು ಐದು ಬೋಲ್ಟಿನ ತಮಾಷೆ. ನಾಲ್ಕೋ ಆರೋ ಇದ್ದರೆ ಎದುರುಬದುರು ಟೇಪು ಹಿಡಿದು ಅಳೆಯಬಹುದು. ಐದರಲ್ಲಿ ಯಾವುದಕ್ಕೂ ಎದುರಾಳಿಯೇ ಇಲ್ಲ! ಪಕ್ಕಪಕ್ಕದ ಎರಡರ ನಡುವಿನಿಂದ ನಡುವಿಗೆ ಅಳೆದು 1.7ರಿಂದ ಗುಣಿಸಬೇಕು. 82 ಮಿಲಿಮೀಟರು ಬಂದರೆ ಬೋಲ್ಟಿನ ವೃತ್ತ 139 ಚಿಲ್ಲರೆ, ಅಂದರೆ ಐದೂವರೆ ಇಂಚು. ಜೀಪಿನದೂ ಅದೇ, ಮಾರುತಿ ಜಿಪ್ಸಿಯದೂ ಅದೇ. ಮಗಳ ಗಂಡಿಗೆ ಇಷ್ಟು ಜಾತಕ ನೋಡಿರಲಿಲ್ಲ ಈ ಮನುಷ್ಯ.

ಕೊನೆಗೆ ಚಿಂತಾಮಣಿಯ ಲೇತ್ ಅಂಗಡಿ. ಮೊದಲು ಹಳೇ ಡಿಸ್ಕನ್ನೇ ಸುತ್ತಲೂ ಸೀಳಿ, ನಡುವೆ ಪಟ್ಟಿ ಸೇರಿಸಿ ಬೆಸೆಯುವ ಮಾತು ಬಂತು. ಗಾಳಿಯೂ ಭಾರವೂ ಒಂದೇ ಬೆಸುಗೆಯ ಮೇಲೆ ಕೂರುವುದು ನನಗೆ ಸರಿಬರಲಿಲ್ಲ, ಬೇಡವೆಂದೆ. ಸಿದ್ಧವಾದ ಆರಿಂಚಿನ ಹೊರಬಳೆ ತಂದು, ಅಪ್ಪನ ಡಿಸ್ಕಿನ ನಡುತಟ್ಟೆಯನ್ನು ಬಿಡಿಸಿ ಅದರೊಳಗೆ ಕೂರಿಸುವುದು ವಾಸಿ. ಮೇಸ್ತ್ರಿ ಒಪ್ಪಿದರು. ಒಪ್ಪಿದ ಮೇಲೆ ಅಸಲೀ ಪ್ರಶ್ನೆ ಹಾಕಿದರು: "ತಟ್ಟೆ ಎಷ್ಟು ಆಳಕ್ಕೆ ಕೂರಿಸ್ಲಿ ಸ್ವಾಮಿ?"

ಇಡೀ ವೇಷ ನಿಂತಿರುವುದು ಇದರ ಮೇಲೆ. ಚಕ್ರದ ಅಗಲವನ್ನು ಯಾರೂ ಟೇಪು ಹಿಡಿದು ನೋಡುವುದಿಲ್ಲ; ಹೊರಅಂಚಿನಿಂದ ತಟ್ಟೆ ಎಷ್ಟು ಒಳಗಿದೆ ಅನ್ನುವುದನ್ನೇ ಕಣ್ಣು ಓದುವುದು. ಹೆಚ್ಚಿದ ಒಂದೂವರೆ ಇಂಚನ್ನೂ ಹೊರಗೆ ತಳ್ಳಿದರೆ ಡಿಸ್ಕು ಬಾಣಲೆಯಾಗುತ್ತದೆ. ಬೇರಿಂಗಿನ ಮೇಲೆ ಭಾರ, ಸ್ಟೇರಿಂಗು ಕಲ್ಲುಗುಂಡು, ಮಡ್‌ಗಾರ್ಡು ದಾಟಿದ ಟೈರು ಕೆಮ್ಮಣ್ಣಿನ ರಾಡಿಯನ್ನು ಭಾವನ ಬಿಳೀ ಪಂಚೆಗೇ ಎರಚುತ್ತದೆ. ಪೂರ್ತಿ ಒಳಕ್ಕೆ ಎಳೆದರೆ ಹೊರನೋಟ ಥೇಟ್ ಹಳೇದೇ, ಆದರೆ ಸ್ಟೇರಿಂಗು ಪೂರ್ತಿ ತಿರುಗಿಸಿದಾಗ ಟೈರು ಕಮಾನುಪಟ್ಟಿಗೆ ಉಜ್ಜುತ್ತದೆ. ಭಾವ ಅರ್ಧ ಗಂಟೆ ಬೀಡಿ ಸೇದಿ ತೀರ್ಪು ಕೊಟ್ಟರು: "ಮುಕ್ಕಾಲು ಒಳಕ್ಕೆ, ಮುಕ್ಕಾಲು ಹೊರಕ್ಕೆ." ಅಣ್ಣತಮ್ಮಂದಿರ ಆಸ್ತಿ ಭಾಗವೂ ಇಷ್ಟು ಸಲೀಸಾಗಿ ಆಗಿರಲಿಲ್ಲ. ಬೆಸೆಯುವ ಮುಂಚೆ ಮೇಸ್ತ್ರಿ ಚಕ್ರ ತಿರುಗಿಸಿ, ಅಂಚಿಗೆ ಸೀಮೆಸುಣ್ಣ ತಾಗಿಸಿ ಓಲಾಟ ನೋಡಿದರು. ಬಣ್ಣ ಮಾತ್ರ ಭಾವನೇ ಬಳಿದರು. ಹೊಸತು ಹೊಳೆಯುತ್ತದೆಂದು ಮೇಲೊಂದು ಹಿಡಿ ಧೂಳೂ ಎರಚಿದರು. ಅವೇ ನಾಲ್ಕು ಬಿಳಿ ಕೂದಲು.

ಗೌರಿಬಿದನೂರಿನ ಷಡ್ಡಕನಿಗೆ ಇದೆಲ್ಲ ಹಿಡಿಸಲಿಲ್ಲ. ಕೆಸರಿನಲ್ಲಿ ಸಪೂರ ಟೈರೇ ಸರಿ, ಸೀಳಿಕೊಂಡು ಗಟ್ಟಿ ನೆಲ ಮುಟ್ಟುತ್ತದೆ ಅಂತ ಅವನ ವಾದ. ವಾದ ಸರಿಯೇ. ಆದರೆ ಅವನೂರಿನ ಉತ್ತರ ಪಿನಾಕಿನಿಯ ಒಣಮರಳಿನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಅಗಲದ್ದು ತೇಲುತ್ತದೆ, ಸಪೂರದ್ದು ಹೂತುಹೋಗುತ್ತದೆ. ಪಂಥ ಕಟ್ಟಿ ಅವನ ಗಾಡಿಯನ್ನು ಹಗ್ಗ ಹಾಕಿ ಎಳೆದ ಸಂಜೆಯನ್ನು ಭಾವ ಈಗಲೂ ಹಬ್ಬಹಬ್ಬಕ್ಕೆ ವರ್ಣಿಸುತ್ತಾರೆ.

ಕಾನೂನಿನ ಮಾತೂ ಎತ್ತಿದೆ. ತಯಾರಿಸಿದವರ ಮೂಲ ಅಳತೆ ಮೀರಿ ಗಾಡಿ ಮಾರ್ಪಡಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹಿಡಿದು ಹೇಳಿದೆ. ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳಿ ಅಂದೆ. "ಅವ್ರಿಗೇ ಕಾಣ್ದಿದ್ರೆ ಕೇಳೋದೇನು?" ಅಂದರು. ಇದು ಕಳ್ಳಲೆಕ್ಕ ಭಾವ, ಅಂದರೆ ಕಿವಿಯ ಮೇಲಿನ ಬಿಳಿಕೂದಲು ಸವರಿಕೊಂಡರು.

ಜೀಪು ಮೊದಲ ಸಲ ಗೂಡಿನ ಮಾರುಕಟ್ಟೆಗೆ ಹೋದ ದಿನ ನಾನೂ ಇದ್ದೆ. ಮೂವತ್ತು ವರ್ಷದಿಂದ ಆ ಗಾಡಿ ನೋಡಿದ ರೀಲರು ಬಂದರು, ಬಾನೆಟ್ಟಿನ ಮೇಲೆ ಕೈಯೂರಿದರು, ಗೂಡಿನ ರೇಟು ಮಾತಾಡಿದರು, ಹೋದರು. ಹಮಾಲರು ಬಂದರು, ಹೋದರು. ಒಬ್ಬರೂ ಚಕ್ರದ ಸುದ್ದಿ ಎತ್ತಲಿಲ್ಲ. ಗುಟ್ಟು ಗುಟ್ಟಾಗಿಯೇ ಉಳಿಯಿತು, ಭಾವನ ಮುಖ ಮಾತ್ರ ಸಪ್ಪಗಾಯಿತು. ಕೊನೆಗೆ ಟೀ ತಂದ ಹುಡುಗನನ್ನು ತೋಳು ಹಿಡಿದು ಮುಂದಿನ ಚಕ್ರದ ಹತ್ತಿರ ಕೂರಿಸಿಕೊಂಡರು.

"ಇಲ್ಲಿ ನೋಡೋ ಮಗಾ. ಏನಾದ್ರೂ ಗೊತ್ತಾಗುತ್ತಾ?"

"ಇಲ್ಲ ತಾತಾ."

"ಸರಿಯಾಗಿ ಬಗ್ಗಿ ನೋಡೋ!"