ವಾಶಿಯ ಪಿನ್‌ಕೋಡಿಗೆ ಬಹಿರಂಗ ಪತ್ರ

ಪರಮಪೂಜ್ಯ 400703ರವರ ಸನ್ನಿಧಿಗೆ, ವಾಶಿಯ ನಿವಾಸಿಯೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ಕುಂದಾಪುರದಿಂದ ಅಮ್ಮ ಬರೆದ ಇನ್‌ಲ್ಯಾಂಡ್ ಪತ್ರಗಳನ್ನೆಲ್ಲ ತಪ್ಪದೆ ನನಗೆ ಮುಟ್ಟಿಸಿದ ತಮ್ಮ ಉಪಕಾರವನ್ನು ಮರೆಯಲಾರೆ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಪದ್ಧತಿ ಬಂದದ್ದರಿಂದಲ್ಲವೇ ಖಾಡಿಯ ಈಚೆಗಿರುವ, ಠಾಣೆ ಜಿಲ್ಲೆಗೆ ಸೇರಿದ ನಮಗೂ ಮುಂಬಯಿಯ 400 ದಕ್ಕಿದ್ದು! ಆದರೆ ಆರು ಚೌಕಗಳಲ್ಲಿ ಇಷ್ಟು ವರ್ಷ ಕೂತಿದ್ದರೂ ತಾವು ಯಾರೆಂದು ಒಂದು ಸುಳಿವನ್ನೂ ಕೊಡಲಿಲ್ಲವಲ್ಲ, ಆ ನೋವು ನನಗಿದೆ.

ನಮ್ಮೂರಿನ 576201 ಹಾಗಲ್ಲ. ಅಂಕಿಗಳನ್ನು ಕೂಡಿದರೆ 21. ಮೂರರ ಮಗ್ಗಿ ಬಲ್ಲ ಮಗುವೂ ಅದನ್ನು ಭಾಗಿಸೀತು. ಪಕ್ಕದ ಸಾನ್‌ಪಾಡಾದ 400705 ತನ್ನ ಕೊನೆಯ 5ರಲ್ಲೇ ಎಲ್ಲವನ್ನೂ ಹೇಳಿಬಿಡುತ್ತದೆ. ತಮ್ಮ ಅಂಕಿಗಳನ್ನು ಕೂಡಿದೆ, 14 ಬಂತು. ಮೂರು ನಡೆಯಲಿಲ್ಲ. ಏಳರಿಂದ ಭಾಗಿಸಿದೆ, ಎರಡು ಉಳಿಯಿತು. 633ರ ವರ್ಗ 400689, 634ರದು ತಮ್ಮನ್ನು ದಾಟುತ್ತದೆ. ಹಾಗಾಗಿ 633ರೊಳಗಿನ ಅವಿಭಾಜ್ಯ ಸಂಖ್ಯೆಗಳಷ್ಟನ್ನೇ ನೋಡಿದರೆ ಸಾಕು. ಅಷ್ಟೇ ಎಂದರೂ 115! ಪೆನ್ಸಿಲ್ ಹಿಡಿದು ಒಂದೊಂದಾಗಿ ಭಾಗಿಸಿದೆ. 113ಕ್ಕೆ ಶೇಷ 5, 499ಕ್ಕೆ ಶೇಷ 6, ಕೊನೆಯ 631ಕ್ಕೆ 18. ಯಾರಿಗೂ ಮಣಿಯದ ಅವಿಭಾಜ್ಯ ತಾವೆಂದು ಗೊತ್ತಾದಾಗ ಸಂತೋಷದಿಂದ ಮೈ ಜುಮ್ಮೆಂದಿತು. ಅಮ್ಮ ಇದ್ದಾಗ ಗೊತ್ತಾಗಿದ್ದರೆ ಅವಳಿಗೂ ಹೇಳುತ್ತಿದ್ದೆ.

ಠಾಣೆಯಲ್ಲಿ ಓದಿ, ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದ ದ. ರಾ. ಕಾಪ್ರೇಕರ್ ಅವರ ದಾರಿಯಲ್ಲೂ ತಮ್ಮನ್ನು ನಡೆಸಿ ನೋಡಿದೆ. ಅಂಕಿಗಳನ್ನು ಇಳಿಕೆಯಲ್ಲಿ ಬರೆದು, ಅದರಿಂದ ಏರಿಕೆಯದನ್ನು ಕಳೆಯುತ್ತ ಹೋಗುವುದು. ನಾಲ್ಕೂ ಅಂಕಿ ಒಂದೇ ಆಗಿರದ ನಾಲ್ಕಂಕಿ ಸಂಖ್ಯೆಗಳೆಲ್ಲ ಏಳು ಹೆಜ್ಜೆಯೊಳಗೆ 6174ಕ್ಕೆ ಬಂದು ನಿಲ್ಲುತ್ತವೆ. ತಾವು 743000ದಿಂದ 000347 ಕಳೆದು 742653 ಆದಿರಿ. ಹತ್ತನೆಯ ಹೆಜ್ಜೆಗೆ 851742, ಹದಿನೇಳನೆಯದಕ್ಕೆ ಮತ್ತದೇ 851742. ಏಳೇಳು ಹೆಜ್ಜೆಗೊಂದು ಸುತ್ತು, ನಿಲ್ಲುವ ಮಾತೇ ಇಲ್ಲ. ದಯವಿಟ್ಟು ಎಲ್ಲಾದರೂ ಒಂದು ಕಡೆ ಕೂರಬಾರದೇ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನೊಂದು ದೂರಿದೆ, ಕ್ಷಮಿಸಬೇಕು. ಯಾವ ಪೂರ್ಣಸಂಖ್ಯೆಗೂ ನಾಲ್ಕು ವರ್ಗಗಳ ಮೊತ್ತ ಸಾಕೆಂದು ಲಗ್ರಾಂಜ್ 1770ರಲ್ಲಿ ಸಾಧಿಸಿದರು. ಎಷ್ಟೋ ಸಂಖ್ಯೆಗಳಿಗೆ ಎರಡು ಮೂರೇ ಸಾಕು. ತಮ್ಮನ್ನು 8ರಿಂದ ಭಾಗಿಸಿದರೆ 7 ಉಳಿಯುತ್ತದೆ. ಅಂಥವರಿಗೆ ಮೂರು ಎಂದೂ ಸಾಲದು. ನಾಲ್ಕೇ ಬೇಕೆಂದು ಹಟ ಹಿಡಿದಿದ್ದೀರಿ. ಆ ನಾಲ್ಕನ್ನು ಹುಡುಕಿ ರಾತ್ರಿಯೆಲ್ಲ ಕಾಗದ ತುಂಬಿಸಿದೆ. ಬೆಳಗ್ಗೆ ಮೊದಲ ಹಾಳೆ ತಿರುವಿದರೆ ಅಲ್ಲೇ ಇತ್ತು: 633ರ ವರ್ಗ ಕಳೆದರೆ ಉಳಿಯುವುದು 14. ಅಂದರೆ 9, 4, 1. ಮೂರರ ವರ್ಗ, ಎರಡರ ವರ್ಗ, ಒಂದರ ವರ್ಗ.

ಅದನ್ನು ಆಗಲೇ ಹೇಳಬಾರದಿತ್ತೇ, ಸ್ವಾಮಿ?

ತಮ್ಮ ವಿಧೇಯ,
ವಾಶಿ – 400703