ಸ್ಟಾಕಣ್ಣ

ರಾತ್ರಿ ಹನ್ನೊಂದೂವರೆಗೆ ಹಂಪಾಪುರದಲ್ಲಿ ನಾಯಿಗಳೂ ಮಲಗಿರುತ್ತವೆ. ಸ್ಟಾಕಣ್ಣನಿಗೆ ಮಾತ್ರ ಅದು ಸುಗ್ಗಿಯ ಹೊತ್ತು. ದಿನದ ಒಂದೂವರೆ ಜಿಬಿಯಲ್ಲಿ ಅರ್ಧ ಹಾಗೇ ಉಳಿದಿದೆ. ಹನ್ನೆರಡು ಹೊಡೆದರೆ ದುಡ್ಡು ಕೊಟ್ಟು ತಂದ ಡೇಟಾ ಕಣ್ಣೆದುರೇ ಹಾಳು. ಅದಕ್ಕೇ ಕೈಗೆ ಸಿಕ್ಕಿದ್ದನ್ನೆಲ್ಲ ಇಳಿಸುತ್ತಾನೆ: ಮಂಟೇಸ್ವಾಮಿ ಕಥೆಯ ನಾಲ್ಕನೇ ಭಾಗ (ಮೊದಲ ಮೂರು ಅವನ ಹತ್ತಿರ ಇಲ್ಲ), ಬೋರ್‌ವೆಲ್ ಮೋಟಾರ್ ರಿಪೇರಿ, ಪಂಜಾಬಿನ ಎಮ್ಮೆ ಪ್ರದರ್ಶನ, ಯಾರದೋ ಮನೆಯ ಬೆಕ್ಕಿನ ಸ್ನಾನ.

ಸ್ಟಾಕಣ್ಣ ಅನ್ನುವುದು ಊರು ಕೊಟ್ಟ ಬಿರುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆ ವಿಚಾರಿಸಿ, ಊರಿಗೊಬ್ಬ ಸಿಗುತ್ತಾನೆ. ತಾತ ಹಗೇವು ತುಂಬ ರಾಗಿ ಸುರಿದು ಬಾಯಿಗೆ ಕಲ್ಲು ಮುಚ್ಚುತ್ತಿದ್ದ ಹಾಗೆ ಇವನು ಫೋನು ತುಂಬುತ್ತಾನೆ. ತಾತನ ರಾಗಿಯನ್ನಾದರೂ ಯಾರೋ ಉಂಡರು.

ಅವನು ನಿಜಕ್ಕೂ ಮೆರೆದದ್ದು ಮೆಮೊರಿ ಕಾರ್ಡಿನ ಕಾಲದಲ್ಲಿ. ಎಚ್.ಡಿ. ಕೋಟೆಯ ಮೊಬೈಲ್ ಅಂಗಡಿಯಲ್ಲಿ ಕಾರ್ಡಿಗೆ ಸಿನಿಮಾ ತುಂಬಿಸಿಕೊಂಡು ಬಸ್ಸಿಳಿದರೆ ಅರಳಿಕಟ್ಟೆಯ ಹುಡುಗರು ಬ್ಲೂಟೂತ್ ಆನ್ ಮಾಡಿಕೊಂಡು ಕಾಯುತ್ತಿದ್ದರು. ಕಾಪಿರೈಟ್ ಎಂಬ ಮಾತು ಆ ಕಟ್ಟೆಯ ಹತ್ತಿರ ಸುಳಿದದ್ದಿಲ್ಲ. ಆಮೇಲೆ ಶೇರ್‌ಇಟ್ ಬಂತು. 2020ರ ಜೂನಿನಲ್ಲಿ ಸರ್ಕಾರ ಟಿಕ್‌ಟಾಕ್ ಜೊತೆ ಅದನ್ನೂ ನಿಷೇಧಿಸಿದಾಗ ಊರೆಲ್ಲ ಟಿಕ್‌ಟಾಕಿಗೆ ಅತ್ತರೆ ಇವನೊಬ್ಬ ಶೇರ್‌ಇಟ್‌ಗೆ ಅತ್ತ.

ಈಗ ಇರುವುದು ಆಪ್‌ನೊಳಗಿನ ಡೌನ್‌ಲೋಡು. ಅದಕ್ಕೆ ಬೀಗ. ಆ ಆಪ್ ಬಿಟ್ಟು ಬೇರೆಲ್ಲೂ ತೆರೆಯದು, ಪಕ್ಕದವನ ಫೋನಿಗೆ ದಾಟದು. ಸಾಲದ್ದಕ್ಕೆ ಗಡುವು ಬೇರೆ. 2014ರ ಡಿಸೆಂಬರಿನಲ್ಲಿ ಯೂಟ್ಯೂಬ್ ನಮ್ಮ ದೇಶದಲ್ಲಿ ವಿಡಿಯೋ ಇಳಿಸಿಟ್ಟುಕೊಳ್ಳಲು ಬಿಟ್ಟಾಗ ಅದರ ಆಯಸ್ಸು 48 ಗಂಟೆ. ಹಂಚುವ ಸುಖ ಕಳೆದುಕೊಂಡ ದಾನಿಯ ಸಂಕಟ ಯಾರಿಗೆ ಗೊತ್ತಾಗಬೇಕು? “ಫೋನು ನಮ್ದು, ಡೇಟಾ ನಮ್ದು, ಸಿನಿಮಾ ನಮ್ ಜೇಬಲ್ಲೇ ಅದೆ. ಬೀಗದ ಕೈ ಮಾತ್ರ ಅಮೇರಿಕದಲ್ಲಿ ಮಡಗವ್ರೆ ಕಣಪ್ಪ!”

ಇಷ್ಟೆಲ್ಲ ಯಾತಕ್ಕೆ ಎಂದರೆ ಕಾರಣ ಸಿದ್ಧ. ಮಾನಂದವಾಡಿಗೆ ಹೋಗುವ ಬಾವಲಿಯ ಕಾಡುದಾರಿ ಸಂಜೆ ಆರಕ್ಕೆ ಮುಚ್ಚಿದರೆ ಬೆಳಿಗ್ಗೆ ಆರರವರೆಗೆ ತೆರೆಯದು. ಗೇಟಿನ ಹತ್ತಿರ ಸಿಕ್ಕಿಕೊಂಡು, ಟವರೂ ಇಲ್ಲದಿದ್ದರೆ ಗತಿ ಏನು? ಸರಿಯಾದ ಮಾತೇ. ಆದರೆ ಅವನು ಮಾನಂದವಾಡಿ ಕಡೆ ಮುಖ ಮಾಡಿದ್ದನ್ನು ನಾನಂತೂ ಕಂಡಿಲ್ಲ.

ಫೋನು ತುಂಬಿತೆಂದು ಗೊತ್ತಾಗುವುದು ಮೊದಲು ಹೆಂಡತಿಗೆ. “ಮಗಳ ಮದ್ವೆ ವಿಡಿಯೋ ಅಳಿಸ್ಬುಟ್ಟು ಸೋಬಾನೆ ಪದ ಇಳಿಸ್ಕೊಂಡವ್ರೆ ಕಣಕ್ಕ,” ಎಂದು ಆಕೆ ನಲ್ಲಿಯ ಹತ್ತಿರ ಹೇಳಿಕೊಂಡದ್ದು ಊರಿಗೆಲ್ಲ ಗೊತ್ತು. ಅಂದಿನಿಂದ ಅವನು ಜಾಗ ಉಳಿಸಲು ಎಲ್ಲವನ್ನೂ ಮಸುಕಾದ 144ಪಿಯಲ್ಲೇ ಇಳಿಸುತ್ತಾನೆ. ಅದರಲ್ಲಿ ಹೀರೋ ಯಾರು, ಆನೆ ಯಾವುದು ಎಂದು ಕೇಳಬಾರದು.

ಇಷ್ಟು ದಾಸ್ತಾನು ನಿಜವಾಗಿ ಉಪಯೋಗಕ್ಕೆ ಬರಬೇಕಾದ ಜಾಗ ಒಂದಿದೆ: ಹೊಗೆಸೊಪ್ಪಿನ ಬ್ಯಾರನ್. ಸೊಪ್ಪು ಬೇಯಿಸುವ ರಾತ್ರಿಗಳಲ್ಲಿ ಒಲೆಯ ಮುಂದೆ ಕಣ್ಣು ಬಿಟ್ಟುಕೊಂಡೇ ಕೂರಬೇಕು. ಬೆಂಕಿ ಏರಿಳಿದರೆ ಎಲೆಯ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ಹರಾಜಿನಲ್ಲಿ ರೇಟು ಬೀಳುತ್ತದೆ. ಹೋದ ಸಲ ಹಾಗೆ ಕೂತವನು ಸೌದೆ ನೂಕಿ, ಕೈ ಒರೆಸಿಕೊಂಡು, ತಿಂಗಳುಗಟ್ಟಲೆ ಜೋಪಾನ ಮಾಡಿದ್ದ ಸಿನಿಮಾ ಒತ್ತಿದ. ಮತ್ತೆ ನೆಟ್‌ಗೆ ಬಾ ಎಂದಿತು ಫೋನು. ಬೈದುಕೊಂಡು ನೆಟ್ ಆನ್ ಮಾಡಿದ. ಬ್ಯಾರನ್ನಿನ ಪಕ್ಕದಲ್ಲೇ ಟವರ್ ಪೂರ್ತಿ ನಾಲ್ಕು ಕಡ್ಡಿ!

ಜೊತೆಗಿದ್ದ ಅಕ್ಕನ ಮಗ ನಕ್ಕ. “ನೆಟ್ಟು ಹಿಂಗದಲ್ಲ ಮಾವ, ಇನ್ಯಾಕೆ ಇಳಿಸೀರಿ? ಹಂಗೇ ನೋಡ್ಬುಡಿ.”

ಸ್ಟಾಕಣ್ಣ ಆಗಲೇ ಎರಡನೇ ಭಾಗವನ್ನು ಡೌನ್‌ಲೋಡಿಗೆ ಹಾಕುತ್ತಿದ್ದ. “ಹಂಗೇ ನೋಡ್ಬುಟ್ರೆ ಮುಗುದೋಯ್ತದಲ್ಲೋ!”